ತಮ್ಮನ ಒಳಗಿನಜ್ಜಿ

ನನ್ನ ತಮ್ಮನ ಒಳಗೆ ಸಾವಿರ ವರ್ಷದ ಮುದುಕಿಯೊಬ್ಬಳು ವಾಸವಾಗಿದ್ದಳು ಎಂದರೆ ನೀವು ನಂಬಲೇಬೇಕು. ಯಾಕೆಂದರೆ ಆ ಮುದುಕಿ ನಾನೇ!

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಚಳ್ಳಕೆರೆಯಲ್ಲಿ ಕಂಬಳಿ ಮಗ್ಗಕ್ಕೆ ಕೂತವಳು. ತಮ್ಮ ಮಾತ್ರ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದಿದ. ಬರುವಾಗ ಸರ್ಟಿಫಿಕೇಟಿನ ಜೊತೆಗೆ ಒಂದು ಆಟವನ್ನೂ ತಂದ. ಒಬ್ಬ ಕಥೆ ಹೇಳಬೇಕು, ಉಳಿದವರು ದಾಳ ಉರುಳಿಸುತ್ತಾ ಒಂದೊಂದು ಪಾತ್ರವಾಗಬೇಕು. ಬಣ್ಣ ಇಲ್ಲ, ಬಟ್ಟೆ ಇಲ್ಲ, ಎಲ್ಲ ಕೂತಲ್ಲೇ, ಬಾಯಲ್ಲೇ! ತಮ್ಮ ಅದರಲ್ಲಿ ಮಂತ್ರವಾದಿ. ಅವನೊಳಗೆ ದಾರಿ ತೋರುವ ಒಂದು ಆತ್ಮ, ಸಾವಿರ ವರ್ಷದ ಅಜ್ಜಿ. ಅದರ ಮಾತು ಅವನೊಬ್ಬನಿಗೇ ಕೇಳಬೇಕಾದ್ದರಿಂದ ಇನ್ನೊಬ್ಬರು ಅವನ ಕಿವಿಯಲ್ಲಿ ಪಿಸುಗುಟ್ಟಬೇಕು. ಗೆಳೆಯರನ್ನು ಅವನು ನಂಬಲಿಲ್ಲ.

"ಅಕ್ಕಾ, ನೀನೇ ನನ್ನ ಒಳಗಿನಜ್ಜಿ ಆಗು."

"ಲೇ, ನೂಲಿಗೆ ಹುಣಸೆಬೀಜದ ಗಂಜಿ ಹಚ್ಚೋದೈತೆ ನಂಗೆ!"

"ಹಚ್ಕೊಂತಾನೇ ಹೇಳು."

ಗೆಳೆಯರು ನಮ್ಮ ಮನೆಯಲ್ಲಿ ಆಟಕ್ಕೆ ಕೂತ ಮೊದಲ ಭಾನುವಾರವೇ, ಕಥೆಯ ಗುಹೆಯ ಬಾಗಿಲಲ್ಲಿ ಬೆಂಕಿ ಉಗುಳುವ ಹಾವು ಅಡ್ಡ ಮಲಗಿತ್ತು. ತಮ್ಮ ಎದ್ದು ಬಂದು ಕಿವಿ ಕೊಟ್ಟ.

"ಅದು ಉಂಡೈತೋ ಇಲ್ವೋ ಕೇಳು" ಎಂದೆ.

ಕೇಳಿದ. ಉಂಡಿರಲಿಲ್ಲವಂತೆ! ಅದಕ್ಕೆ ಮುದ್ದೆ ಕೊಟ್ಟು ಇವನು ಸಲೀಸಾಗಿ ಒಳಗೆ ಹೋದ. ಕತ್ತಿ ಮಸೆದುಕೊಂಡು ಕೂತಿದ್ದ ಗೆಳೆಯನಿಗೆ ಉರಿದುಹೋಯಿತು. "ಲೇ, ನೀನು ಯುದ್ಧಕ್ಕೆ ಬಂದಿದ್ದೋ, ಬೀಗರೂಟಕ್ಕೋ?"

ಆಟ ಭಾನುವಾರಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇವನು ವಾರವಿಡೀ ಅಜ್ಜಿಯನ್ನು ಕೇಳತೊಡಗಿದ! ಸಂತೆಯಲ್ಲಿ ಕಂಬಳಿ ಚೌಕಾಸಿಯ ನಡುವೆ ಗಿರಾಕಿಯನ್ನು ನಿಲ್ಲಿಸಿ ನನ್ನತ್ತ ಕಿವಿ ಬಾಗಿಸುತ್ತಿದ್ದ. ಕುರಿ ಕಾಯುವ ಯಜಮಾನರೊಬ್ಬರು, "ಪಾಪ, ಹುಡುಗನಿಗೆ ಕಿವಿನೋವೇನವ್ವಾ?" ಎಂದು ಮರುಗಿ, ಬಿಸಿ ಎಣ್ಣೆ ಬಿಡಲು ಹೇಳಿ, ಕಂಬಳಿ ಕೊಳ್ಳದೆ ಹೋದರು.

ಬೈಯುತ್ತಿದ್ದೆ, ನಿಜ. ಆದರೆ ಓದಿದವನು ಓದದವಳ ಮಾತು ಕೇಳಿದರೆ ಯಾರಿಗೆ ಹಿಗ್ಗಾಗುವುದಿಲ್ಲ, ಹೇಳಿ?

ಆಮೇಲೆ ಮೊಳಕಾಲ್ಮೂರಿಗೆ ಹೆಣ್ಣು ನೋಡಲು ಹೋದೆವು. ಉಣ್ಣೆ ವ್ಯಾಪಾರದವರು, ಒಬ್ಬಳೇ ಮಗಳು. ಅಳಿಯ ಅಲ್ಲೇ ಇದ್ದು ವ್ಯಾಪಾರ ನೋಡಿಕೊಳ್ಳಬೇಕು ಎಂದರು. ತಮ್ಮನೂ ಹುಡುಗಿಯೂ ಹಿತ್ತಲಲ್ಲಿ ಮಾತಾಡಿ ಬಂದಾಗ ಇಬ್ಬರ ಮುಖವೂ ಅರಳಿತ್ತು.

"ಏನಪ್ಪಾ, ಒಪ್ಪಿಗೆನಾ?" ಎಂದರು ಹುಡುಗಿಯ ಅಪ್ಪ.

ಅಲ್ಲೂ ನನ್ನತ್ತ ಕಿವಿ ಬಾಗಿಸಿದ, ಪುಣ್ಯಾತ್ಮ!

ಅವ್ವ ತೀರಿಹೋದ ಮೇಲೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಇವನೂ ಹೋದರೆ? "ಬ್ಯಾಡ" ಎಂದು ಪಿಸುಗುಟ್ಟಿದೆ. ಅವನು ತಲೆ ತಗ್ಗಿಸಿ, "ಬ್ಯಾಡ್ರೀ" ಎಂದುಬಿಟ್ಟ.

ಅವತ್ತಿನಿಂದ ನನಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದು. ಮಗ್ಗಕ್ಕೆ ಕೂತರೆ ನೂಲು ಪಟಪಟ ಹರಿಯುತ್ತಿತ್ತು. ಕೊನೆಗೆ ತಡೆಯಲಾರದೆ ಹೇಳಿಬಿಟ್ಟೆ:

"ಲೇ, ಅವತ್ತು ಬ್ಯಾಡ ಅಂದಿದ್ದು ಅಜ್ಜಿ ಅಲ್ಲ. ನಾನು."

"ಗೊತ್ತು ಕಣಕ್ಕಾ. ಅಜ್ಜಿಗೆ ಯಾವುದಕ್ಕೂ ಭಯ ಇಲ್ಲ. ಬೆಂಕಿ ಉಗುಳೋ ಹಾವಿಗೇ ಮುದ್ದೆ ಇಕ್ಕಿಸಿದೋಳು."

ಅಷ್ಟು ಹೇಳಿ ಕಂಬಳಿ ಮಡಚತೊಡಗಿದ. ಒಂದು ಸಿಟ್ಟಿನ ಮಾತಾದರೂ ಆಡಬಾರದಿತ್ತೇ!

ಮರುದಿನ ಅವನಿಗೆ ಹೇಳದೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಬಾಗಿಲು ತೆರೆದವಳು ಆ ಹುಡುಗಿಯೇ. ನನ್ನ ಹೆಗಲಾಚೆ ಬೀದಿಯನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದಳು:

"ಅವತ್ತು ಹಿತ್ತಲಲ್ಲಿ ಅವರು ಎಲ್ಲಾ ಹೇಳಿದ್ರು ಅಕ್ಕಾ. ಅವರೊಳಗಿನ ಅಜ್ಜಿ ಈಗ ಒಪ್ಪಿದ್ರೇನ್ರೀ?"

"ಒಪ್ಪಿ, ಬಸ್ ಹತ್ತಿ ಬಂದವ್ಳೆ ಕಣವ್ವಾ" ಎಂದೆ. ಅವಳು ಸೆರಗಿನಿಂದ ನನ್ನ ಕಣ್ಣೊರೆಸಿದಳು.