ವಿಯೋನೊ ಮನೆಯ ಹಾವು-ಏಣಿ

ಶಾಲೆಗಳಿಗೆ ರಜೆ ಕೊಡುವ ಮಹಾನುಭಾವರು ಒಂದೇ ಒಂದು ದಿನ, ಮಕ್ಕಳಿರುವ ಮನೆಯಲ್ಲಿ ಮಧ್ಯಾಹ್ನ ಉಂಡು ಮಲಗಿ ನೋಡಬೇಕು ಎಂಬುದು ವಿಯೋನೊನ ಬಹುಕಾಲದ ಅಹವಾಲು. ಆಮೇಲೂ ಅವರು ರಜೆ ಕೊಟ್ಟರೆ ಅವನು ತನ್ನ ದಪ್ಪ ಮೀಸೆ ಬೋಳಿಸಿಕೊಳ್ಳಲು ತಯಾರು.

ಜಾವಾದ ಸಲತಿಗಾ ಊರಿನ ಶಾಲೆಯೊಂದರ ಕಚೇರಿಯಲ್ಲಿ ಅವನು ಗುಮಾಸ್ತ. ರಜೆಯಲ್ಲಿ ಅವನ ಕೆಲಸವೆಂದರೆ ಬೆಳಿಗ್ಗೆ ಹೋಗಿ ಬೀಗ ತೆಗೆಯುವುದು, ಬೆಂಚುಗಳು ಯಾವುವೂ ಓಡಿಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು, ಮತ್ತೆ ಬೀಗ ಹಾಕಿ ಊಟಕ್ಕೆ ಮನೆಗೆ ಬರುವುದು. ಉಂಡ ಮೇಲೆ ವರಾಂಡದಲ್ಲಿ, ಬೆಳವಕ್ಕಿಯ ಪಂಜರದ ಕೆಳಗೆ ಚಾಪೆ ಹಾಸಿದನೆಂದರೆ ಮೇಲಿನಿಂದ ಹಕ್ಕಿಯ 'ಗುಟುರ್‌ಕೂ', ಕೆಳಗಿನಿಂದ ಇವನ 'ಗೊರ್‌ರ್'. ಈ ಜುಗಲ್‌ಬಂದಿಗೆ ರಜೆ ಶುರುವಾದಾಗಿನಿಂದ ಹತ್ತು ವರ್ಷದ ಮಗಳು ತಿಯಸ್, ಆರು ವರ್ಷದ ಮಗ ದಾನು ಪಕ್ಕವಾದ್ಯವಾಗಿ ಸೇರಿಕೊಂಡಿದ್ದರು. ಫೋನು ಒಂದು, ಕಿತ್ತಾಡುವ ಕೈ ನಾಲ್ಕು. ಫೋನು ಅವರಮ್ಮ ಸುಮಾರ್ನಿಯದು. (ಹೆಸರು ಸುಮಾರ್ನಿ, ಹೆಂಗಸು ಮಾತ್ರ ಸುಮಾರಲ್ಲ.) ಅವಳು ಕಡಲೆಬೀಜದ ಗರಿಗರಿ ರೆಂಪೆಯೆಕ್ ಕರಿದು ಮಾರುವವಳು. ಆರ್ಡರುಗಳೆಲ್ಲ ಬರುವುದು ಆ ಫೋನಿಗೇ. ಅವತ್ತು ಮದುವೆ ಮನೆಯವರೊಬ್ಬರು ಇನ್ನೂರು ಪೊಟ್ಟಣ ಸಿಗುತ್ತದೆಯೇ ಎಂದು ವಿನಯದಿಂದ ಕೇಳಿದ್ದಕ್ಕೆ, ದಾನುವಿನ ಬೆರಳು ತಾಗಿ, ನಾಲಿಗೆ ಚಾಚಿದ ಕೋತಿಯ ಚಿತ್ರ ಉತ್ತರವಾಗಿ ಹೋಗಿತ್ತು.

ಸುಮಾರ್ನಿ ಎಣ್ಣೆ ಸೋರುವ ಜಾಲರಿ ಸೌಟಿನ ಸಮೇತ ವರಾಂಡಕ್ಕೆ ಬಂದಳು. ಗಂಡನನ್ನು ಅವಳು ಕರೆಯುವುದು 'ಮಾಸ್' ಎಂದು.

"ಮಾಸ್, ಎದ್ದೇಳಿ! ನಾಡಿದ್ದು ಅಮ್ಮ ಬರ್ತಾಳೆ. ಮಕ್ಕಳು ಹಿಂಗೆ ಫೋನಿಗೆ ಅಂಟ್ಕೊಂಡಿರೋದು ನೋಡಿದ್ರೆ ನನ್ನನ್ನ ಹುರಿದು ಮುಕ್ತಾಳೆ."

"ನನ್ನನ್ನೂ ಬೈತಾರೆ ಬಿಡು," ಎಂದ ವಿಯೋನೊ ಕಣ್ಣು ಬಿಡದೆ.

"ನಿಮ್ಮನ್ನ ಬೈಯೋಕೆ ಅವಳಿಗೆ ಮಕ್ಕಳೇ ಬೇಕಾ? ನೀವೊಬ್ಬರೇ ಸಾಕು!"

'ನಾಡಿದ್ದು' ಎಂಬ ಮಾತು ಈಗ ತಲೆಗೆ ಹೋಯಿತು. ವಿಯೋನೊ ಎದ್ದು ಕೂತ. ಅತ್ತೆ ಕಸೀರಾ (ಮಕ್ಕಳಿಗೆ ಎಯಾಂಗ್, ಅಂದರೆ ಅಜ್ಜಿ, ಮಕ್ಕಳಾದ ಮೇಲೆ ಅವನೂ ಹಾಗೇ ಕರೆಯುತ್ತಿದ್ದ) ಕ್ಲಾತೆನ್‌ನಿಂದ ಬರುವುದು ಯಾವಾಗಲೂ 'ನಾಲ್ಕು ದಿನದ ಮಟ್ಟಿಗೆ'. ಹೋದ ಸಲದ ನಾಲ್ಕು ದಿನ ಮಾವಿನ ಹೂವಿನಲ್ಲಿ ಶುರುವಾಗಿ ಮಾವಿನ ಹಣ್ಣಿನಲ್ಲಿ ಮುಗಿದಿತ್ತು. ಅಷ್ಟೂ ಕಾಲ ಮಂಚ ಅತ್ತೆಗೆ, ಚಾಪೆ ಅಳಿಯನಿಗೆ. ಜೊತೆಗೆ ಉಪ್ಪಿನಕಾಯಿಯಂತೆ ಊಟಕ್ಕೊಮ್ಮೆ, ಸೆಮಾರಾಂಗ್‌ನಲ್ಲಿರುವ ಎರಡನೇ ಅಳಿಯನ ಗುಣಗಾನ.

ಅಲ್ಲೇ, ಆ ಚಾಪೆಯ ಮೇಲೇ, ವಿಯೋನೊ ಎರಡು ಸಂಕಲ್ಪ ಮಾಡಿದ. ಈ ಸಲ ಅತ್ತೆಯ ಬಾಯಲ್ಲಿ 'ಭೇಷ್' ಅನ್ನಿಸಿಕೊಳ್ಳಬೇಕು. ನಾಲ್ಕನೇ ದಿನಕ್ಕೆ ಸರಿಯಾಗಿ ಅತ್ತೆಯನ್ನು ಬಸ್ಸು ಹತ್ತಿಸಬೇಕು.

"ಫೋನ್ ಇಲ್ಲಿ ಕೊಡಿ!" ಎಂದು ಗುಡುಗಿದ. "ನಮ್ಮ ಕಾಲದಲ್ಲಿ ಆಟದ ಸಾಮಾನು ನಾವೇ ಮಾಡ್ಕೋತಿದ್ವಿ. ಚಕ್ಕೋತದ ಸಿಪ್ಪೇಲಿ ಕಾರು ಮಾಡಿ ಊರೆಲ್ಲ ಓಡಿಸ್ತಿದ್ದೆ ನಾನು!"

"ಪೆಟ್ರೋಲ್ ಎಲ್ಲಿಗೆ ಹಾಕ್ತಿದ್ರಿ ಬಾಪಾ?" ಎಂದ ದಾನು.

ಅದಕ್ಕೆ ಉತ್ತರ ಕೊಡುವ ಬದಲು ವಿಯೋನೊ ಎದುರಿನ ಯಾತ್ಮಿಯ ಅಂಗಡಿಗೆ ಹೋಗಿ ನೂಡಲ್ಸಿನ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ತಲೆಯ ಮೇಲೆ ಹೊತ್ತು ತಂದ. ತಿಯಸ್ ಬಣ್ಣದ ಕಾಗದ, ಕ್ರೆಯಾನು, ಕತ್ತರಿ ಹರವಿದಳು. ಕಾಯಿಗಳಿಗೆ ಸೋಡಾ ಬಾಟಲಿಯ ಮುಚ್ಚಳ ಒದಗಿದವು. ಅಂಟು? ಅಡುಗೆಮನೆಯ ಡಬ್ಬಿಯಲ್ಲಿದ್ದ ಮರಗೆಣಸಿನ ಹಿಟ್ಟನ್ನು ವಿಯೋನೊ ಸ್ವಹಸ್ತದಿಂದ ಕುದಿಸಿದ. ಅದು ಅಮ್ಮನ ಪಾಯಸಕ್ಕೆಂದು ತೆಗೆದಿಟ್ಟ ಹಿಟ್ಟು ಎಂದು ಸುಮಾರ್ನಿ ಕೂಗುವ ಹೊತ್ತಿಗೆ ಅರ್ಧ ರಟ್ಟಿಗೂ ಉಳಿದರ್ಧ ಮೀಸೆಗೂ ಮೆತ್ತಿಕೊಂಡಿತ್ತು.

ದಾಳವನ್ನು ಹಳೆಯ ರಬ್ಬರ್ ಚಪ್ಪಲಿಯ ಹಿಮ್ಮಡಿಯಿಂದ ಕೆತ್ತಿದ. ಆರು ಮುಖ ಕೆತ್ತಲು ಹೋಗಿ ಮೊದಲ ಸಲ ಏಳಾಯಿತು, ಸರಿಮಾಡಲು ಹೋಗಿ ಎಂಟಾಯಿತು. ಕೊನೆಗೆ ಎರಡನೇ ಚಪ್ಪಲಿಯೂ ಬಲಿಯಾಗಿ ಒಂದು ದಾಳ ಹುಟ್ಟಿತು. ಎಸೆದರೆ ಕಪ್ಪೆಯ ಹಾಗೆ ಕುಪ್ಪಳಿಸಿ ಮಂಚದ ಕೆಳಗೆ ಹೋಗುತ್ತಿತ್ತು ಎಂಬುದನ್ನು ಬಿಟ್ಟರೆ ದೋಷವಿಲ್ಲದ ದಾಳ. (ಚಪ್ಪಲಿ ಹಳೆಯದಾಗಿರಲಿಲ್ಲ, ಬರೀ ಕೊಳೆಯಾಗಿತ್ತು ಎಂಬುದು ಸಂಜೆ ಗೊತ್ತಾಯಿತು. ಸಂಜೆಯ ಮಾತು ಇಲ್ಲಿ ಬೇಡ.)

ತಿಯಸ್ ಸ್ಕೇಲು ಹಿಡಿದು ನೂರು ಮನೆ ಗೆರೆ ಎಳೆದಳು. ವಿಯೋನೊ ಗುರುಪೀಠದ ಗಾಂಭೀರ್ಯದಿಂದ ಉಪದೇಶ ಕೊಟ್ಟ.

"ನೋಡಿ ಮಕ್ಳೇ, ಏಣಿ ಬುಡದಲ್ಲಿ ಒಂದೊಂದು ಒಳ್ಳೆ ಕೆಲಸದ ಚಿತ್ರ. ಹಾವಿನ ಬಾಯಲ್ಲಿ ಒಂದೊಂದು ಕೆಟ್ಟ ಕೆಲಸದ ಚಿತ್ರ. ಒಳ್ಳೇದು ಮಾಡಿದವನು ಮೇಲಕ್ಕೆ, ಕೆಟ್ಟದ್ದು ಮಾಡಿದವನು ಕೆಳಕ್ಕೆ. ಆಟದ ಜೊತೆ ನೀತಿ!"

"ಕೆಟ್ಟ ಕೆಲಸ ಅಂದ್ರೆ ಯಾವ್ದು ಬಾಪಾ?" ತಿಯಸ್ ಕೇಳಿದಳು.

"ಪುಸ್ತಕದಲ್ಲಿರೋದು ಬೇಡ. ಕಣ್ಣಾರೆ ಕಂಡಿದ್ದನ್ನ ಬರೀರಿ. ನಮ್ಮ ಮನೇಲೇ ದಿನಾ ಎಷ್ಟೊಂದು ನಡೆಯುತ್ತೆ!"

(ದೊಡ್ಡವರ ಮಾತು ಮಕ್ಕಳು ಕೇಳುವುದಿಲ್ಲ ಎನ್ನುವುದು ಅಪ್ಪಟ ಸುಳ್ಳು. ಕೇಳಬಾರದ ಮಾತನ್ನು ಚಾಚೂ ತಪ್ಪದೆ ಕೇಳುತ್ತಾರೆ.)

ಇಷ್ಟು ಹೇಳಿ ವಿಯೋನೊ ಚಾಪೆ ಸೇರಿದ. ಮನೆ ನಿಶ್ಶಬ್ದ. ಕ್ರೆಯಾನಿನ ಸರಸರ, ಆಗಾಗ ಕಿಸಿಕಿಸಿ. ಎದ್ದಾಗ ಮಕ್ಕಳು ರಟ್ಟನ್ನು ಮುಖದ ಮುಂದೆ ಹಿಡಿದರು. ಕನ್ನಡಕ ಎಲ್ಲಿತ್ತೋ ಏನೋ. ಬರಿಗಣ್ಣಿಗೆ ಕೆಂಪು, ಹಸಿರು, ಹಳದಿ ಗೆರೆಗಳೆಲ್ಲ ಭರ್ಜರಿಯಾಗಿ ಕಂಡವು. "ಭಲೇ, ಭಲೇ!" ಎಂದು ಬೆನ್ನು ತಟ್ಟಿ, ಹಕ್ಕಿಗೆ ಸ್ನಾನ ಮಾಡಿಸಲು ಹೋದ.

ಎರಡು ದಿನ ಕಳೆದು ಎಯಾಂಗ್ ಕಸೀರಾ ಬಂದಿಳಿದರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಕಾಲು ಕಟ್ಟಿದ ಕೋಳಿ, ನಡುನೆತ್ತಿಯಲ್ಲಿ ಕಬ್ಬಿಣದ ಗುಂಡಿನಂಥ ತುರುಬು. ಚಪ್ಪಲಿ ಬಿಡುವ ಮೊದಲೇ ಮೊಮ್ಮಕ್ಕಳನ್ನು ಕಣ್ಣಲ್ಲಿ ಹುಡುಕಿದರು. ಮಕ್ಕಳು ನೆಲದ ಮೇಲೆ ರಟ್ಟು ಹಾಸಿಕೊಂಡು, ಮುಚ್ಚಳ ನಡೆಸುತ್ತ, ಮನುಷ್ಯರ ಮಕ್ಕಳ ಹಾಗೆ ಕೂತಿದ್ದರು.

"ಫೋನ್ ಕೆಟ್ಟೋಗಿದೆಯೇನೇ?" ಎಂದು ಮಗಳನ್ನು ಕೇಳಿದರು ಎಯಾಂಗ್, ನಂಬಿಕೆಯಿಲ್ಲದೆ.

"ಇಲ್ಲಮ್ಮ. ಇವರು ಮಕ್ಕಳ ಜೊತೆ ಕೂತು ಆಟ ಮಾಡಿಕೊಟ್ಟಿದ್ದಾರೆ."

"ಯಾರು, ವಿಯೋನೊನಾ? ಎಚ್ಚರವಾಗಿದ್ದಾಗಲೇ?" ಅವರು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಭೇಷ್ ಕಣಯ್ಯಾ! ಅಲ್ಲಿ ನಿನ್ನ ಷಡ್ಡಕ ಮಕ್ಕಳ ಕೈಗೆ ಒಂದೊಂದು ಫೋನ್ ಕೊಟ್ಟು ಕೂರಿಸಿಬಿಟ್ಟಿದ್ದಾನೆ."

ವಿಯೋನೊನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಒಂದು ಸಂಕಲ್ಪ ಬಂದ ಗಳಿಗೆಯಲ್ಲೇ ಸಿದ್ಧಿಸಿತ್ತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಬಾಯಿ ಬಿಟ್ಟ: "ಎಯಾಂಗ್, ನೀವೂ ಒಂದಾಟ ಆಡ್ಬೇಕು. ಆಡ್ಲೇಬೇಕು!"

ಎಯಾಂಗ್ ಸೀರೆಯಂತೆ ಸುತ್ತಿದ್ದ ಬಾತಿಕ್ ಬಟ್ಟೆ ಸರಿಮಾಡಿಕೊಂಡು, ಕನ್ನಡಕ ಏರಿಸಿ ಕೂತರು. ದಾಳ ಎಸೆದರು. ಅದು ಕುಪ್ಪಳಿಸಿ ಕೋಳಿಗೆ ತಾಗಿ ನಿಂತಿತು. ಮುಚ್ಚಳ ನಡೆಸಿದರೆ ನೇರ ಒಂದು ಹಾವಿನ ಬಾಯಿಗೆ.

"ಇದೇನು ಚಿತ್ರ? ಬಾಗಿಲ ಹಿಂದೆ ಯಾವುದೋ ಕರಡಿ ನಿಂತಿದೆ."

"ಕರಡಿ ಅಲ್ಲ, ಅದು ಬಾಪಾ," ಎಂದ ದಾನು ಸಂತೋಷದಿಂದ. "ಮೀಸೆ ನೋಡಿ. ಡಾಕ್ಟರು ಸಿಹಿ ತಿನ್ಬಾರ್ದು ಅಂದಿದ್ದಾರಲ್ಲ, ಅದಕ್ಕೇ ಅಲಮಾರಿ ಬಾಗಿಲ ಹಿಂದೆ ನಿಂತು ತಿಂತಾರೆ. ಹಸಿರು ಉಂಡೆಗಳೆಲ್ಲ ಬೆಲ್ಲ ತುಂಬಿದ ಕ್ಲೆಪೋನು."

ಸುಮಾರ್ನಿಯ ಕೈಯ ಸೌಟು ಗಾಳಿಯಲ್ಲಿ ನಿಂತಿತು. "ಇರುವೆ ತಿಂದ್ವು ಅಂದ್ರಲ್ಲ ಮಾಸ್!"

"ತಿಂದ್ವು... ಇರುವೆನೂ ತಿಂದ್ವು," ಎಂದ ವಿಯೋನೊ.

"ಬೆಲ್ಲ ಅಂಗಿ ಮೇಲೆ ಚಿಮ್ಮಿದ್ದು ಹಕ್ಕಿ ಹಿಕ್ಕೆ ಅಂದ್ರಿ!"

"ಆಟ ಮುಂದೆ ನಡೀಲಿ, ಆಟ ನಡೀಲಿ," ಎಂದು ಅವನು ಅವಸರದಿಂದ ದಾಳವನ್ನು ಹೆಂಡತಿಯ ಕೈಗೆ ಕೊಟ್ಟ. ಕೊಡಬಾರದಿತ್ತು. ಅವಳ ಮುಚ್ಚಳ ಇನ್ನೊಂದು ಹಾವಿಗೆ ಸಿಕ್ಕಿತು. ಮಂಚ, ಕಂಬಳಿ, ಕಂಬಳಿಯಿಂದ ಹೊರಗೆ ಚಾಚಿದ ಎರಡು ಮೀಸೆ.

"ಇದು ಎದುರುಮನೆ ಯಾತ್ಮಿಯ ಗಂಡ," ಎಂದು ವಿಯೋನೊ ಮೊದಲೇ ಸಾರಿದ.

"ಯಾತ್ಮಿ ಗಂಡನಿಗೆ ಮೀಸೆ ಎಲ್ಲಿದೆ ಬಾಪಾ?" ತಿಯಸ್ ಶಿಸ್ತಿನ ಹುಡುಗಿ, ತಪ್ಪು ಮಾಹಿತಿ ಸಹಿಸಳು. "ಇದು ಅಮ್ಮ ನಿಮಗೆ ಅಕ್ಕಿ ಚೀಲ ತರೋಕೆ ಹೇಳಿದ ದಿನ. ಜ್ವರ ಬಂದಿತ್ತು. ಅವಳು ತಾನೇ ಹೊತ್ಕೊಂಡು ಬಂದ ಮೇಲೆ ಬಿಟ್ಟೋಯ್ತು."

ಎಯಾಂಗ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಈಗ ಆಟ ಅವರಿಗೆ ಹಿಡಿಸತೊಡಗಿತ್ತು. ಅದೃಷ್ಟಕ್ಕೆ ಮುಂದಿನ ಸಲ ಅವರಿಗೆ ಏಣಿ ಸಿಕ್ಕಿತು. ಬುಡದಲ್ಲಿ ಅದೇ ಮೀಸೆ, ಪಾತ್ರೆ ತೊಳೆಯುತ್ತಿತ್ತು. ವಿಯೋನೊನ ಹೋದ ಪ್ರಾಣ ಮರಳಿತು.

"ನೋಡಿ ಎಯಾಂಗ್! ಪಾತ್ರೆ ತೊಳೀತಿದ್ದೀನಿ!"

"ಇದು ಯಾವಾಗ ನಡೀತು?" ಎಂದಳು ಸುಮಾರ್ನಿ, ನಿಜವಾದ ಕುತೂಹಲದಿಂದ.

ಮಕ್ಕಳು ಮುಖ ಮುಖ ನೋಡಿಕೊಂಡರು. "ಅದು ನಡೆದಿಲ್ಲ," ಎಂದ ದಾನು. "ಬಾಪಾದು ಒಳ್ಳೇದೂ ಒಂದು ಹಾಕೋಣ ಅಂದ್ಲು ಅಕ್ಕ. ತುಂಬಾ ಹೊತ್ತು ಯೋಚನೆ ಮಾಡಿದ್ವಿ. ಸಿಗ್ಲಿಲ್ಲ. ಅದಕ್ಕೇ ಕಲ್ಪನೆ ಮಾಡಿ ಬರೆದ್ವಿ."

ಆಟ ತೊಂಬತ್ತರ ಸಾಲಿಗೆ ಬಂತು. ಎಯಾಂಗ್ ಎಲ್ಲರಿಗಿಂತ ಮುಂದಿದ್ದರು. ನೂರಕ್ಕೆ ಇನ್ನೇನು, ಎಂಬಷ್ಟರಲ್ಲಿ ಅವರ ಮುಚ್ಚಳ ತೊಂಬತ್ತೆಂಟರಲ್ಲಿ ನಿಂತಿತು. ಅಲ್ಲಿತ್ತು ಹಾವುಗಳಲ್ಲೆಲ್ಲ ದೊಡ್ಡದು. ಆ ಮೂಲೆಯಿಂದ ಈ ಮೂಲೆಗೆ, ಮೂರು ಸುತ್ತು ಸುತ್ತಿ, ಬಾಲ ಎರಡನೇ ಮನೆಯಲ್ಲಿ. ಹೊಟ್ಟೆಯ ಹತ್ತಿರ ಮಂಚದ ಆಕಾರದ ಉಬ್ಬು. ಹಾವಿನ ಮೂಗಿನ ಮೇಲೆ ಕನ್ನಡಕ. ನೆತ್ತಿಯ ಮೇಲೆ ಗುಂಡನೆಯ ತುರುಬು.

ಎಲ್ಲರೂ ರಟ್ಟಿನ ಮೇಲೆ ಬಗ್ಗಿದರು. ಕೋಳಿಯೂ ಕತ್ತು ಚಾಚಿತು.

"ಇದು..." ಎಂದರು ಎಯಾಂಗ್ ನಿಧಾನವಾಗಿ, ತಮ್ಮ ತುರುಬು ಮುಟ್ಟಿ ನೋಡಿಕೊಂಡು.

"ದಾನು, ಹೋಗಿ ಹಕ್ಕಿಗೆ ನೀರಿಡು," ಎಂದ ವಿಯೋನೊ.

"ಇಟ್ಟಾಗಿದೆ. ಎಯಾಂಗ್, ಅದು ನೀವು!" ದಾನುವಿಗೆ ಆ ಹಾವು ತನ್ನ ಜೀವಮಾನದ ಶ್ರೇಷ್ಠ ಕೃತಿ. "ನೀವು ಬಂದ್ರೆ ನುಂಗಿ ಮಲಗಿದ ಹೆಬ್ಬಾವಿನ ಥರ, ತಿಂಗಳಾದ್ರೂ ಅಲ್ಲಾಡಲ್ಲ ಅಂತ ಬಾಪಾ ಹೇಳಿದ್ರಲ್ಲ! ಬಾಪಾನ ಮಂಚ ನೋಡಿ, ಹೊಟ್ಟೆ ಒಳಗಿದೆ."

ವಿಯೋನೊ ನೆಲ ಬಿರಿಯಲೆಂದು ಕಾದ. ಜಾವಾದಲ್ಲಿ ಅಷ್ಟೊಂದು ಜ್ವಾಲಾಮುಖಿಗಳಿದ್ದೂ ಬೇಕಾದಾಗ ಒಂದೂ ಒದಗಲಿಲ್ಲ. ಎಯಾಂಗ್ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಸುಮಾರ್ನಿ ಓಡಿ ಬಂದಳು. ಅವರು ಅಳುತ್ತಿರಲಿಲ್ಲ. ನಗು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು ಹೊರಬಂದಾಗ ಹಲ್ಲಿನ ಸೆಟ್ಟೂ ಜೊತೆಗೇ ಬಂದು ಮೂವತ್ತೊಂದನೇ ಮನೆಯ ಮೇಲೆ ಬಿತ್ತು.

"ಹೆಬ್ಬಾವಾ!" ಎಂದರು ಸೆಟ್ಟು ಹಾಕಿಕೊಂಡು, ಕಣ್ಣೊರೆಸಿಕೊಂಡು. "ತೀರಿಕೊಂಡ ನಿಮ್ಮಜ್ಜ ನನ್ನನ್ನ ಹಲ್ಲಿ ಅಂತಿದ್ರು ಕಣ್ರೋ. ಗೋಡೆ ಮೇಲಿಂದ ಲೊಚಗುಟ್ತಾಳೆ ಅಂತ. ಅಳಿಯ ನನಗೆ ಬಡ್ತಿ ಕೊಟ್ಟಿದ್ದಾನೆ!" ಆಮೇಲೆ ವಿಯೋನೊನ ಕಡೆ ತಿರುಗಿದರು. "ನಾಲ್ಕೇ ದಿನ ಅಂತ ಬಂದಿದ್ದೆ ವಿಯೋನೊ. ಈಗ ಕೇಳು. ಈ ಹೆಬ್ಬಾವು ದಾಟಿ ನೂರು ಮುಟ್ಟೋ ತನಕ ನಾನು ಕ್ಲಾತೆನ್ ಬಸ್ಸು ಹತ್ತಲ್ಲ."

ನಾಲ್ಕು ದಿನ ಕಳೆಯಿತು. ಹೆಬ್ಬಾವು ಬಲು ನಿಷ್ಠಾವಂತ ಪ್ರಾಣಿ. ಎಯಾಂಗ್ ಎಷ್ಟು ಸಲ ಮೇಲೆ ಹೋದರೂ ಬಾಯಿ ತೆರೆದು ಕಾದಿರುತ್ತಿತ್ತು. ಸುದ್ದಿ ಕೇಳಿ ಯಾತ್ಮಿ ಅಂಗಡಿ ಬಾಗಿಲೆಳೆದು ಬಂದಳು, ಅವಳ ಹಿಂದೆ ಓಣಿಯ ಹೆಂಗಸರೆಲ್ಲ. ಸುಮಾರ್ನಿಯ ರೆಂಪೆಯೆಕ್ ಆಟದ ಜಾಗದಲ್ಲೇ ಖಾಲಿಯಾಗುತ್ತಿತ್ತು. ವಿಯೋನೊ ಬೀದಿಗೆ ಬಂದರೆ ಹೆಂಗಸರು ಪಿಸುಗುಟ್ಟಿ ಮೀಸೆ ನೋಡುತ್ತಿದ್ದರು. "ಜ್ವರ ಹೇಗಿದೆ ವಿಯೋನೊ?" ಎಂದು ಯಾತ್ಮಿ ಕೇಳುತ್ತಿದ್ದಳು. ಮಧ್ಯಾಹ್ನದ ನಿದ್ದೆಗೆ ವರಾಂಡದಲ್ಲಿ ಜಾಗವೂ ಇರಲಿಲ್ಲ. ನಸುಕಿನಲ್ಲೇ ಹಕ್ಕಿ ನೆತ್ತಿಯ ಮೇಲೆ ಕೂಗಿ ಎಬ್ಬಿಸುತ್ತಿತ್ತು.

ಉಳಿದದ್ದು ಒಂದೇ ದಾರಿ: ಅತ್ತೆಯನ್ನು ಗೆಲ್ಲಿಸುವುದು. ವಿಯೋನೊ ದಿನವೂ ಅತ್ತೆಯ ಮಗ್ಗುಲಲ್ಲೇ ಕೂತ. ದಾಳ ಉರುಳಿ ಬಂದರೆ ಕಾಲಿನ ಹೆಬ್ಬೆರಳಿಂದ ಮೆಲ್ಲಗೆ ಮಗುಚಿ "ಆರು! ಎಯಾಂಗ್‌ಗೆ ಆರು!" ಎಂದು ಕೂಗುತ್ತಿದ್ದ. ಅಷ್ಟಾದರೂ ಹೆಬ್ಬಾವು ಬಿಡಲೊಲ್ಲದು. ಕೊನೆಗೊಂದು ಸಂಜೆ, ಎಯಾಂಗ್ ರೆಂಪೆಯೆಕ್ ತಟ್ಟೆಯ ಕಡೆ ತಿರುಗಿದ ಕ್ಷಣ, ಅವರ ಮುಚ್ಚಳವನ್ನು ಹೆಬ್ಬಾವಿನ ಬಾಯಿಂದ ಎತ್ತಿ ಆಚೆ ಇಟ್ಟ. ಮುಂದಿನ ದಾಳಕ್ಕೆ ನೂರು!

"ಗೆದ್ರಿ ಎಯಾಂಗ್! ಗೆದ್ದೇಬಿಟ್ರಿ!" ವಿಯೋನೊ ಎದ್ದು ಕುಣಿದ. ಪಂಜರ ತಲೆಗೆ ಬಡಿದದ್ದೂ ಗೊತ್ತಾಗಲಿಲ್ಲ. "ಸುಮಾರ್ನಿ, ಬುಟ್ಟಿ ಕಟ್ಟು! ಬೆಳಗಿನ ಬಸ್ಸಿಗೆ ಕಿಟಕಿ ಪಕ್ಕದ ಸೀಟೇ ಹಿಡೀತೀನಿ!"

"ಕೂತ್ಕೋ," ಎಂದರು ಎಯಾಂಗ್.

ಅವನು ಕೂತ.

"ಕನ್ನಡಕ ಇಟ್ಕೊಂಡಿರೋದು ಅಲಂಕಾರಕ್ಕೆ ಅಂದ್ಕೊಂಡೆಯಾ? ಇಷ್ಟು ದಿನದಿಂದ ನಿನ್ನ ಹೆಬ್ಬೆರಳು ನೋಡ್ತಾ ಇದ್ದೀನಿ. ಈಗ ಕಾಯಿ ಎತ್ತಿಟ್ಟಿದ್ದೂ ನೋಡ್ದೆ."

ವಿಯೋನೊ ತಲೆ ತಗ್ಗಿಸಿದ. ಓಣಿಯ ಹೆಂಗಸರು ಹತ್ತಿರ ಸರಿದರು. ಎಯಾಂಗ್ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಸೆಮಾರಾಂಗ್‌ನೋನು ಇದ್ದಾನಲ್ಲ, ಡೊಮಿನೋ ಆಡೋವಾಗ ಒಂದು ಸಲ, ಒಂದೇ ಒಂದು ಸಲ, ಮುದುಕಿ ಅಂತ ನನಗೆ ಗೆಲ್ಲೋಕೆ ಬಿಟ್ಟಿಲ್ಲ. ನೀನು ನಿದ್ದೆ ಬಿಟ್ಟು, ಪಕ್ಕದಲ್ಲೇ ಕೂತು, ಕಳ್ಳಾಟ ಆಡಿಯಾದ್ರೂ ನನ್ನನ್ನ ಗೆಲ್ಲಿಸ್ಬೇಕು ಅಂತ ಒದ್ದಾಡಿದೆ. ನನ್ನ ಹೊಟ್ಟೇಲಿ ಹುಟ್ಟಿದವರೂ ಇಷ್ಟು ಮಾಡಿಲ್ಲ ಕಣಯ್ಯಾ." ಅವರು ಸೆರಗಿಗೆ ಮೂಗೊರೆಸಿಕೊಂಡರು. "ಇಂಥ ಅಳಿಯನ್ನ ಬಿಟ್ಟು ಹೋಗೋಕೆ ಮನಸ್ಸು ಹೇಗೆ ಬರುತ್ತೆ? ತಿಯಸ್, ನಿನ್ನ ಚಿಕ್ಕಮ್ಮನಿಗೆ ಫೋನ್ ಹಚ್ಚು. ಲೆಬಾರಾನ್ ಹಬ್ಬದ ತನಕ ನಾನು ಇಲ್ಲೇ ಇರ್ತೀನಿ ಅಂತ ಹೇಳು."

ಹಬ್ಬ ಇನ್ನೂ ಕಣ್ಣಿಗೆ ಕಾಣದಷ್ಟು ದೂರದಲ್ಲಿತ್ತು. ಯಾತ್ಮಿ ಕಣ್ಣೊರೆಸಿಕೊಂಡಳು. ಸುಮಾರ್ನಿ ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನನ್ನು ಹೆಮ್ಮೆಯಿಂದ ನೋಡಿ, ಒಂದು ಕ್ಲೆಪೋನನ್ನು ಎಲ್ಲರೆದುರೇ ಅವನ ಬಾಯಿಗಿಟ್ಟಳು. ವಿಯೋನೊನಿಗೆ ಅದನ್ನು ಅಗಿಯಲೂ ತ್ರಾಣವಿರಲಿಲ್ಲ.

ಅಷ್ಟರಲ್ಲಿ ದಾನು ರಟ್ಟಿನ ಖಾಲಿ ಮನೆಯೊಂದರಲ್ಲಿ ಕ್ರೆಯಾನು ಹಿಡಿದು ಹೊಸ ಚಿತ್ರ ಶುರುಮಾಡಿದ್ದ: ತುರುಬಿನ ಪಕ್ಕದಲ್ಲಿ ಒಂದು ಮೀಸೆ.

"ಎಯಾಂಗ್ ಇಲ್ಲೇ ಇರ್ತಾರಲ್ಲ, ಅದರ ಚಿತ್ರ," ಎಂದ. "ಇದಕ್ಕೆ ಹಾವು ಅಂಟಿಸ್ಲಾ, ಏಣಿ ಅಂಟಿಸ್ಲಾ?"

"ಏಣಿ!" ಎಂದಿತು ಇಡೀ ಓಣಿ ಒಕ್ಕೊರಲಿನಿಂದ.

ಒಬ್ಬನು ಮಾತ್ರ ಏನೂ ಹೇಳಲಿಲ್ಲ. ಅವನ ಬಾಯಲ್ಲಿ ಕ್ಲೆಪೋನಿತ್ತು.