ಪೆಟ್ಟಿಗೆಯೊಳಗಿನ ಬುದ್ಧಿವಂತ

ಬೆಂಗಳೂರು ಬಸ್ಸಿನ ನೆತ್ತಿಯಿಂದ ಇಳಿದ ಆ ದೊಡ್ಡ ಮರದ ಪೆಟ್ಟಿಗೆ ಶಿಡ್ಲಘಟ್ಟದ ರೇಷ್ಮೆಗೂಡು ಸಹಕಾರ ಸಂಘದ ಜಗಲಿಗೆ ಬಂದು ಕೂತಾಗ, ವೆಂಕಟರವಣಪ್ಪನಿಗೆ ಅದು ತನ್ನ ಎದೆಯ ಮೇಲೇ ಕೂತಂತಾಯಿತು.

ಅವನು ಸಂಘದ ಹಂಗಾಮಿ ಗುಮಾಸ್ತ. ಸಂಜೆ ಕ್ಲಾಸಿನಲ್ಲಿ ಓದಿ ಪಾಸಾದವನು. ಸರ್ಕಾರ ಹೊಸದಾಗಿ ಕಿಲೋ ತಂದಿತ್ತು. ರೈತರ ಬಾಯಲ್ಲಿ ಇನ್ನೂ ಮಣ, ಸೇರೇ ಇದ್ದವು. ಅದನ್ನು ಇದಕ್ಕೆ ತಿರುಗಿಸಿ ಚೀಟಿ ಬರೆಯುವುದರಲ್ಲೇ ಮೂವರು ಗುಮಾಸ್ತರಿಗೆ ಸಂಜೆಯಾಗುತ್ತಿತ್ತು. ಕಾಯಂ ಆಗಿದ್ದ ಇಬ್ಬರಿಗೆ ಕುರ್ಚಿ, ಇವನಿಗೆ ಬೋರಲು ಹಾಕಿದ ಗೂಡಿನ ಮಂಕರಿ. ಎದ್ದರೆ ಪಂಚೆಯ ಹಿಂಭಾಗದಲ್ಲಿ ಬಿದಿರಿನ ಹೆಣಿಗೆ ಅಚ್ಚು ಬಿದ್ದಿರುತ್ತಿತ್ತು. "ಕೆಲಸ ಕಾಯಂ ಆಗಲಿ, ಆಮೇಲೆ ಮಗಳನ್ನ ಕಳಿಸ್ತೀನಿ" ಎಂದು ಕೈವಾರದ ಮಾವ ಮದುವೆಯಾದಾಗಿನಿಂದ ಅವನ ಹೆಂಡತಿ ಆದಿಲಕ್ಷ್ಮಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು.

ಸೆಕ್ರೆಟರಿ ನರಸಿಂಹಪ್ಪನವರು ಪೆಟ್ಟಿಗೆಯನ್ನು ತಟ್ಟಿ ನೋಡಿ, "ಯಾರೂ ಮುಟ್ಬೇಡಿ, ಊಟ ಆದ್ಮೇಲೆ ಬಿಚ್ಚೋಣ. ವೆಂಕಟರವಣಪ್ಪ, ಇದು ನಿನಗೆ ಸಂಬಂಧಪಟ್ಟಿದ್ದು ಕಣಯ್ಯ" ಎಂದು ನಕ್ಕು ಒಳಗೆ ಹೋದರು. ಆ ನಗು ಅವನಿಗೆ ಕಟುಕ ಕುರಿಯ ಬೆನ್ನು ಸವರಿದಂತೆ ಕಂಡಿತು.

"ಗೊತ್ತಾಯ್ತು ಬಿಡು!" ಎಂದ ಗುಮಾಸ್ತ ಚೆನ್ನರಾಯಪ್ಪ. "ಲೆಕ್ಕದ ಮಿಶನ್ನು. ನಮ್ಮ ಷಡ್ಡಕ ಬೆಂಗಳೂರಲ್ಲಿ ಕಣ್ಣಾರೆ ನೋಡವ್ನೆ. ಮಣ ಹಾಕಿ ಗುಂಡಿ ಒತ್ತಿದ್ರೆ ಕಿಲೋ ಬೀಳ್ತದೆ. ಅದಕ್ಕೂ ಬುದ್ಧಿ ಐತಂತೆ."

ಟೀ ತಂದ ಪೆದ್ದಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ ನಾಯನಾ, ಅದು ಟೀ ಕುಡಿಯಲ್ವಲ್ಲ! ನನ್ ಗತಿ?"

"ಅದು ಟೀನೂ ಕುಡಿಯಲ್ಲ, ರಜಾನೂ ಕೇಳಲ್ಲ, ಮಾವನ ಮನೆಗೂ ಹೋಗಲ್ಲ" ಎಂದರು ಹಿರಿಯ ಗುಮಾಸ್ತ ಷರೀಫ್ ಸಾಹೇಬರು.

ಚೆನ್ನರಾಯಪ್ಪ ಪೆಟ್ಟಿಗೆಗೆ ಕಿವಿ ಹಚ್ಚಿದ. ಒಳಗೆ ಏನೋ ಪರಪರ ಅಂದಿತು. "ಲೋ, ಆಗ್ಲೇ ಯೋಚನೆ ಮಾಡ್ತಾ ಐತೆ ಕಣೋ!"

ಸಂದಿನಿಂದ ಒಂದು ಜಿರಲೆ ಹೊರಬಂದು ಮೀಸೆ ಅಲ್ಲಾಡಿಸಿತು. ಆದರೂ ವೆಂಕಟರವಣಪ್ಪ ತನ್ನ ಮಂಕರಿಯನ್ನು ಪೆಟ್ಟಿಗೆಯಿಂದ ದೂರ ಎಳೆದುಕೊಂಡ. "ಈಗೇನು ಮಾಡ್ಲಿ ಸಾಹೇಬ್ರೇ?"

"ಇನ್ನೇನಪ್ಪಾ, ಬಿಚ್ಚೋದ್ರೊಳಗೆ ನೀನೇ ಮಿಶನ್ನು ಅಂತ ತೋರಿಸ್ಬಿಡು. ತಗೋ, ನನ್ನ ಚೀಟಿಗಳನ್ನೂ ನೀನೇ ಮಾಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು." ಸಾಹೇಬರು ತಮ್ಮ ಕಟ್ಟನ್ನು ಅವನ ತೊಡೆಯ ಮೇಲಿಟ್ಟು ಬೀಡಾ ಅಂಗಡಿಯ ಕಡೆ ನಡೆದರು. ಚೆನ್ನರಾಯಪ್ಪನೂ ತನ್ನ ಕಟ್ಟನ್ನಿಟ್ಟು ಕ್ಷೌರಕ್ಕೆ ಹೊರಟ.

ವೆಂಕಟರವಣಪ್ಪ ತಲೆ ಬಗ್ಗಿಸಿದ. ಮಣ ನುಂಗಿದ, ಕಿಲೋ ಉಗುಳಿದ. ಪೆದ್ದಮ್ಮ ಇಟ್ಟ ಟೀಯಲ್ಲಿ ನೊಣ ಬಿದ್ದು ಈಜಿ ಸತ್ತಿತು. ಮೂಗು ತುರಿಸಿದರೂ ಕೈ ಎತ್ತಲಿಲ್ಲ, ಮಿಶನ್ನಿಗೆ ಮೂಗೆಲ್ಲಿ? "ಏಮಪ್ಪಾ, ದೆವ್ವ ಹಿಡೀತಾ?" ಎಂದು ರೈತನೊಬ್ಬ ಕೇಳಿದ್ದಕ್ಕೆ ಅವನ ಕೈಗೆ ಚೀಟಿ ತುರುಕಿ "ಮುಂದಿನೋರು!" ಎಂದ. ಬಾಗಿಲಲ್ಲಿ ಯಾರೋ ಜರಿ ಪೇಟದವರು ನಿಂತು ನೋಡಿ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಊಟದ ಹೊತ್ತಿಗೆ ಮೂವರ ಕೆಲಸವೂ ಮುಗಿದು, ಜಗಲಿ ಗುಡಿಸಿದಂತೆ ಖಾಲಿಯಾಗಿತ್ತು.

ಗೆದ್ದೆ ಅಂದುಕೊಂಡ. ನೆಟ್ಟಗಾಗದ ಬೆನ್ನಿನಲ್ಲೇ ಹೋಗಿ ಸೆಕ್ರೆಟರಿಗಳ ಮುಂದೆ ನಿಂತ. "ಸಾರ್, ಎಲ್ಲಾ ಮುಗಿಸಿದೀನಿ. ಇನ್ನು ಆ ಮಿಶನ್ನು ಬೇಕಾಗಿಲ್ಲ ಸಾರ್."

"ಯಾವ ಮಿಶನ್ನಯ್ಯಾ?"

ಜವಾನ ಪೆಟ್ಟಿಗೆಯನ್ನು ಒಳಗೆ ತಂದು ಹಲಗೆ ಕಿತ್ತ. ಒಣಹುಲ್ಲಿನ ನಡುವೆ ಹೊಸ ಬೆತ್ತದ ಕುರ್ಚಿಯೊಂದು ಥಳಥಳ ಅನ್ನುತ್ತಿತ್ತು.

"ನಿನಗೇ ಅಂತ ತರಿಸಿದ್ದು" ಎಂದರು ನರಸಿಂಹಪ್ಪನವರು, ಕನ್ನಡಕ ತೆಗೆದು. "ಇಬ್ಬರ ಕೈಲಿ ಈ ಕೆಲಸ ಸಾಗಲ್ಲ, ಮೂರನೇವನನ್ನ ಕಾಯಂ ಮಾಡಿ ಅಂತ ವರ್ಷದಿಂದ ಹೋರಾಡ್ತಿದ್ದೆ. ಒಪ್ಪಿಗೆ ಹಾಕೋಕೇ ಇವತ್ತು ಅಧ್ಯಕ್ಷರು ಚಿಕ್ಕಬಳ್ಳಾಪುರದಿಂದ ಬಂದಿದ್ರು. ನೋಡಿದ್ರೆ ಎರಡು ಕುರ್ಚಿ ಖಾಲಿ, ಒಬ್ಬನೇ ಎಲ್ಲಾ ಮುಗಿಸ್ತಾವ್ನೆ! 'ಒಬ್ಬ ಮಾಡೋ ಕೆಲಸಕ್ಕೆ ಮೂವರ್‍ಯಾಕೆ' ಅಂದ್ರು. ಕಾಯಂ ಆದೋರನ್ನ ತೆಗೆಯೋ ಹಾಗಿಲ್ಲ. ಹಂಗಾಮಿಯವನನ್ನ ನಾಳೆಯಿಂದ ಬಿಡಿಸಿ ಅಂತ ಬರೆದು ಹೋದ್ರು ಕಣಯ್ಯ."

ವೆಂಕಟರವಣಪ್ಪ ಕುರ್ಚಿಯ ತೋಳನ್ನು ಒಮ್ಮೆ ಮುಟ್ಟಿದ. ತಣ್ಣಗಿತ್ತು.

"ಬೇಜಾರು ಮಾಡ್ಕೋಬೇಡ" ಎಂದರು ಅವರು. "ಹೋಗೋಕ್ ಮುಂಚೆ ಈ ಕುರ್ಚೀನ ವಾಪಸ್ ಕಳಿಸೋಕೆ ಒಂದು ಕಾಗದ ಬರೆದ್ಬಿಡಪ್ಪ. ನೀನಾದ್ರೆ ಬೇಗ ಬರೀತೀಯ."

ಬರೆಯಲು ಕೂರೋಣವೆಂದು ಅವನು ಜಗಲಿಗೆ ಬಂದ. ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದಿದ್ದ ಚೆನ್ನರಾಯಪ್ಪ ಆಗಲೇ ಇವನು ಕೂರುತ್ತಿದ್ದ ಮಂಕರಿಯನ್ನು ಮೇಲುಮುಖ ಮಾಡಿ, ಅದರ ಬಾಯಿಮಟ್ಟ ಗೂಡು ತುಂಬಿಸಿದ್ದ.