ಕಲ್ಲಿಗೆ ನೀರು ಕುಡಿಸಿದವರ ಬಿನ್ನಹ

ಕೊಳ್ಳೇಗಾಲ,
ಆಗಸ್ಟ್ 2003

ಶ್ರೀಮಾನ್ ಗುರುಪಾದಸ್ವಾಮಿಯವರ ಸನ್ನಿಧಿಗೆ,
ಮಾಲೀಕರು, ಗುರುಪಾದ ಇಂಟರ್‌ಲಾಕ್ ವರ್ಕ್ಸ್, ಕೊಳ್ಳೇಗಾಲ.

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಎರಡು ಟ್ರ್ಯಾಕ್ಟರುಗಳೂ ಕುಶಲವಾಗಿರುವಿರೆಂದು ನಂಬಿ, ಇತ್ತ ನಮ್ಮ ಮನೆಯಲ್ಲಿ ಮೊನ್ನೆಯವರೆಗೆ ಅಂಗಳವೊಂದನ್ನು ಬಿಟ್ಟು ಮಿಕ್ಕವರೆಲ್ಲ ಕುಶಲವಾಗಿದ್ದರೆಂದು ಅರಿಕೆ ಮಾಡಿಕೊಳ್ಳುತ್ತಾ, ಹನೂರಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಮೇಷ್ಟರಾದ ನಾನು ಈ ಪತ್ರವನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿರುವುದಕ್ಕೆ ತಮ್ಮ ಕ್ಷಮೆ ಬೇಡುತ್ತೇನೆ. ಗುಟ್ಟಾಗಿ ಬರೆದ ಐದು ಪತ್ರಗಳು ತಮ್ಮ ಮೇಜಿನ ಮೇಲೆ ಟೀ ಲೋಟದ ಅಡಿಯಲ್ಲಿ ಸುಖವಾಗಿರುವುದನ್ನು ನಾನೇ ಕಣ್ಣಾರೆ ಕಂಡು ಬಂದಿದ್ದೇನೆ. ಆರನೆಯದಕ್ಕೂ ಅದೇ ಭಾಗ್ಯ ಬೇಡವೆನ್ನಿಸಿತು.

ಕಳೆದ ಮಾರ್ಚಿನಲ್ಲಿ ನಮ್ಮ ಜಗಲಿಯಿಂದ ಗೇಟಿನವರೆಗಿನ ಮೂವತ್ತಾರು ಅಡಿ ಹಾದಿಗೆ ತಾವು ಸಿಮೆಂಟಿನ ಇಂಟರ್‌ಲಾಕ್ ಕಲ್ಲು ಹಾಸಿಕೊಟ್ಟಿರಿ. ನಮಗೆ ಕಾರಿಲ್ಲ, ಕಾರು ಕೊಳ್ಳುವ ಯೋಚನೆಯೂ ಇಲ್ಲ. ಆ ಹಾದಿ ಬೇಕಾಗಿದ್ದದ್ದು ನನ್ನ ತಂಗಿ ಪದ್ಮಿನಿಗೆ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋದಿಂದ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡ ಅವಳು ಬಸ್ ನಿಲ್ದಾಣದ ಹತ್ತಿರ ಎಸ್‌ಟಿಡಿ ಬೂತ್ ನಡೆಸುತ್ತಾಳೆಂಬುದು ತಮಗೆ ಗೊತ್ತೇ ಇದೆ; ತಮ್ಮ ಪರಊರಿನ ಫೋನುಗಳೆಲ್ಲ ಅಲ್ಲಿಂದಲೇ ಹೋಗುತ್ತವೆ. ಅವಳ ಕೈ ತಿರುವುವ ಮೂರು ಗಾಲಿಯ ಗಾಡಿ ಡಾಂಬರು ರಸ್ತೆಯಲ್ಲಿ ಯಾರ ಹಂಗೂ ಇಲ್ಲದೆ ಓಡುತ್ತಿತ್ತು. ಆದರೆ ನಮ್ಮ ಅಂಗಳದ ಮಣ್ಣಿನಲ್ಲಿ ಮಾತ್ರ ಹೂತುಕೊಳ್ಳುತ್ತಿತ್ತು. ಹಾಗಾಗಿ ಮೂವತ್ತಮೂರು ವರ್ಷದ ಹೆಂಗಸು, ಊರಿಗೆಲ್ಲ ಫೋನು ಕೂಡಿಸಿಕೊಡುವವಳು, ದಿನಾ ಬೆಳಗ್ಗೆ ಗೇಟು ದಾಟುವುದಕ್ಕೆ, "ಅಣ್ಣ, ಒಸಿ ತಳ್ಳು" ಎಂದು ನನ್ನನ್ನು ಕೂಗಬೇಕಾಗಿತ್ತು. ನಾನು ತಳ್ಳುತ್ತಿದ್ದೆ. ತಳ್ಳುವುದು ನನಗೆ ಕಷ್ಟವಾಗಿರಲಿಲ್ಲ, ಕೇಳುವುದು ಅವಳಿಗೆ ಕಷ್ಟವಾಗಿತ್ತು ಎಂಬುದು ನನಗೆ ತಿಳಿದದ್ದು ಮಾತ್ರ ತಡವಾಗಿ.

ತಮ್ಮ ಕೆಲಸ ಮುಗಿದ ಮಾರನೆಯ ಬೆಳಗ್ಗೆ ನಾನು ಮುಖಕ್ಷೌರ ಮಾಡಿಕೊಳ್ಳುತ್ತಿದ್ದೆ. ಅರ್ಧ ಗಡ್ಡದಲ್ಲಿ ಹೊರಗೆ ಬಂದು ನೋಡಿದರೆ ಜಗಲಿಯ ಮೇಲೆ ತಂಗಿಯಿಲ್ಲ, ಅಂಗಳದಲ್ಲಿಲ್ಲ, ಗೇಟು ತೆರೆದಿದೆ. ನಾನು ಹಾಗೇ ಬೀದಿಗೆ ಓಡಿದೆ. ಅಷ್ಟು ಹೊತ್ತಿಗೆ ಅವಳು ಬೂತಿನ ಬಾಗಿಲು ತೆಗೆದು ಕೂತಿದ್ದಳು. ಆ ದಿನ ತಮ್ಮನ್ನು ಮನಸಾರೆ ಹರಸಿದೆ. ಆ ಹರಕೆಯನ್ನು ವಾಪಸು ಪಡೆಯುವ ಕ್ರಮವೇನಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ಇನ್ನು ತಮ್ಮ ಮೇಸ್ತ್ರಿ ಹನುಮಯ್ಯನವರ ವಿಷಯ. ನಲವತ್ತು ವರ್ಷ ತಾರಸಿ ಹಾಕಿದ ಹಿರಿಯರು, ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ದೂರಿಲ್ಲ. ಸಿಮೆಂಟಿನಿಂದಾದ ಯಾವುದನ್ನು ಕಂಡರೂ ಅದಕ್ಕೆ ಬಾಯಾರಿದೆ ಎಂದು ತಿಳಿಯುವುದು ಅವರ ಹುಟ್ಟುಗುಣ. ಹೋಗುವಾಗ ಅವರು, "ಎಲ್ಡೊತ್ತೂ ಒಟ್ಟೆ ತುಂಬ ನೀರ್ ಕುಡ್ಸಿ ಸಾ, ಇಪ್ಪತ್ತೊಂದ್ ದಿನ ಬುಡ್ಬೇಡಿ, ಕಲ್ಲು ಕಬ್ಣ ಆಯ್ತದೆ" ಎಂದರು. ಪಕ್ಕದಲ್ಲೇ ನಿಂತಿದ್ದ ತಾವು, ಇಂಟರ್‌ಲಾಕ್ ವಿದ್ಯೆಯಲ್ಲಿ ಪರಿಣತರೆಂದು ನಮ್ಮ ಕಾಂಪೌಂಡಿನ ಮೇಲೆ ಹಸಿರು ಬಣ್ಣದಲ್ಲಿ ಬರೆಸಿಕೊಂಡ ತಾವು, ಗಂಭೀರವಾಗಿ ತಲೆಯಾಡಿಸಿದಿರಿ.

ನಾವು ಕುಡಿಸಿದೆವು ಸ್ವಾಮಿ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ನನ್ನ ಹೆಂಡತಿ ಯಶೋದ ಪಾತ್ರೆ ತೊಳೆದ ನೀರನ್ನು ಬಸಳೆ ಬಳ್ಳಿಗೂ ಕೊಡದೆ ಕಲ್ಲಿಗೆ ಎತ್ತಿಟ್ಟಳು. ನಾನು ಒಂದು ದಿನ ಬಿಟ್ಟು ಒಂದು ದಿನ ಸ್ನಾನ ಮಾಡಿದೆ. ಗೋಣಿಚೀಲ ಹಾಸಿ, ಬಿಂದಿಗೆಯಲ್ಲಿ ಹೊತ್ತು, ಬೆಳಗ್ಗೆ ಸಂಜೆ ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆವು. ಲೆಕ್ಕದ ಮೇಷ್ಟರಾದ ನಾನು ದಿನಗಳನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗೀಟು ಹಾಕಿ ಎಣಿಸಿದೆ, ಕಲ್ಲು ಕಬ್ಬಿಣವಾಗುವ ಆಸೆಗೆ ಇನ್ನೂ ಒಂದು ವಾರ ಹೆಚ್ಚಿಗೆ ಕುಡಿಸಿದೆ. ಇಷ್ಟು ದಡ್ಡತನಕ್ಕೆ ಓದು ಬೇಕಾಗುತ್ತದೆ, ಓದದವರಿಗೆ ಸಾಧ್ಯವಿಲ್ಲ.

ಒಂದು ತಿಂಗಳು ನಾಲ್ಕು ದಿನ ಪದ್ಮಿನಿ ಯಾರನ್ನೂ ಕೂಗಲಿಲ್ಲ. ಆಮೇಲೆ ಹಾದಿಯ ನಡುವೆ ಕಲ್ಲು ಕುಸಿಯತೊಡಗಿತು. ಮೇ ತಿಂಗಳ ಮೊದಲ ಮಳೆಗೆ ಅಂಚಿನ ಸಾಲು ಚರಂಡಿಯ ಕಡೆಗೆ ಪ್ರಯಾಣ ಬೆಳೆಸಿತು. ತಮ್ಮ ಪ್ರತಿಭೆಗೆ ಇಲ್ಲಿ ನಾನು ಶರಣು ಹೇಳಲೇಬೇಕು. ಮೂವತ್ತಾರು ಅಡಿಯೊಳಗೆ ಒಂದು ಬಿಳಿಗಿರಿರಂಗನ ಬೆಟ್ಟವನ್ನೂ, ಅದರ ಬುಡದಲ್ಲಿ ಪಾಲಾರ್ ಹೊಳೆಯನ್ನೂ ಒಟ್ಟಿಗೆ ತೋರಿಸಿದವರು ಈ ತಾಲ್ಲೂಕಿನಲ್ಲಿ ಬೇರೆ ಯಾರಿದ್ದಾರೆ? ಲೊಕ್ಕನಹಳ್ಳಿಯಿಂದ ಬಂದ ನೆಂಟರು ನೋಡಿ, ಆನೆ ಹೊಕ್ಕ ರಾಗಿ ಹೊಲ ಇದಕ್ಕಿಂತ ಸಮವಾಗಿರುತ್ತದೆ ಎಂದು ಮೆಚ್ಚಿ ಹೋದರು. ಮಳೆಗಾಲದ ಮಟ್ಟಿಗೆ ತಾವು ನಮಗೊಂದು ಹರಿಗೋಲನ್ನೂ, ಹುಟ್ಟು ಹಾಕಲು ಒಬ್ಬ ಆಳನ್ನೂ ಮಂಜೂರು ಮಾಡಬೇಕೆಂದು ನನ್ನ ಮೂರನೆಯ ಪತ್ರದಲ್ಲಿ ಕೇಳಿಕೊಂಡಿದ್ದೆ. ಅದು ಈಗಲೂ ಲೋಟದಡಿಯೇ ಇರಬಹುದು.

ಜೂನ್ ಎರಡನೆಯ ವಾರ ಒಂದು ಗಾಲಿ ಆ ಪಾಲಾರಿಗೆ ಇಳಿದು ಗಾಡಿ ಮಗುಚಿತು. ಮೊಳಕೈ ತರಚಿದ್ದು ಬಿಟ್ಟರೆ ತಂಗಿಗೆ ಏನೂ ಆಗಲಿಲ್ಲ. ಅವಳನ್ನು ಎತ್ತಿ ಕೂರಿಸಿದೆ. ಸೀರೆ ಕೊಡವಿಕೊಂಡಳು, ಮುಖ ಬೇರೆ ಕಡೆ ಮಾಡಿ, "ಅಣ್ಣ, ಒಸಿ ತಳ್ಳು" ಎಂದಳು. ಅವತ್ತು ನನಗೆ ಬಂದ ಸಿಟ್ಟನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ, ಮಕ್ಕಳಿಗೆ ಪಾಠ ಹೇಳುವವನು ನಾನು.

ಅವತ್ತಿನಿಂದ ತಮ್ಮನ್ನು ಹುಡುಕಿದೆ. ಹೋದಾಗಲೆಲ್ಲ ತಮ್ಮ ಅಂಗಡಿಯವರು "ಸಾವ್ಕಾರ್ರು ಬೆಟ್ಟಕ್ಕೋಗವ್ರೆ" ಎಂದರು. ಈ ಸೀಮೆಯಲ್ಲಿ ಆ ಒಂದು ಮಾತಿಗೆ ಮರುಮಾತಿಲ್ಲ. ಬೆಟ್ಟಕ್ಕೆ ಹೋದವನನ್ನು ಯಾಕೆ ಹೋದೆ ಎಂದು ಕೇಳುವ ಎದೆ ಯಾರಿಗಿದೆ? ಆದರೆ ನಮಗಿರುವುದು ಎರಡು ಬೆಟ್ಟ. ಸೋಮವಾರ ಕೇಳಿದರೆ ತಾವು ಮಾದಪ್ಪನ ಬೆಟ್ಟದಲ್ಲಿ, ಶನಿವಾರ ಕೇಳಿದರೆ ರಂಗಪ್ಪನ ಬೆಟ್ಟದಲ್ಲಿ. ನಡುವಿನ ದಿನಗಳಲ್ಲಿ ತಾವು ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತಿದ್ದಿರಂತೆ. ಹೀಗೆ ಶೈವ ವೈಷ್ಣವವೆಂಬ ಭೇದವಿಲ್ಲದೆ ಏಳು ವಾರ ಭಕ್ತಿ ಮಾಡಿದವರು ಇನ್ನೊಬ್ಬರಿಲ್ಲ. ಕೊನೆಗೊಂದು ಅಮಾವಾಸ್ಯೆಯ ದಿನ, ಊರಿಗೆ ಊರೇ ಮಾದಪ್ಪನ ಬಸ್ಸು ಹತ್ತಿದ್ದಾಗ, ತಾವು ಯಳಂದೂರಿನ ಹೋಟೆಲೊಂದರಲ್ಲಿ ಮಸಾಲೆ ದೋಸೆಯ ಮುಂದೆ ಸಿಕ್ಕಿಬಿದ್ದಿರಿ. ಕೈ ತೊಳೆಯುತ್ತಾ ತಾವು ಕೊಟ್ಟ ತೀರ್ಪು ಒಂದೇ ಸಾಲು: "ನೀವು ನೀರ್ ಜಾಸ್ತಿ ಬುಟ್ಬುಟ್ರಿ ಸಾ."

ಅದು ಸತ್ಯ. ತಮ್ಮ ಬಾಯಿಂದ ಬಂತೆಂಬ ಕಾರಣಕ್ಕೆ ನಾನು ಅದನ್ನು ನಂಬಲಿಲ್ಲ. ಪದ್ಮಿನಿ ಮಾತ್ರ ಕಲ್ಲಿನ ಲೋಡಿನ ಜೊತೆ ಬಂದ ಚೀಟಿಯನ್ನು ಹುಡುಕಿ, ಅದರಲ್ಲಿದ್ದ ಮೈಸೂರಿನ ಕಾರ್ಖಾನೆಯ ನಂಬರಿಗೆ ತನ್ನ ಬೂತಿನಿಂದಲೇ ಫೋನು ಹಚ್ಚಿದಳು. ಅತ್ತ ಕಡೆಯ ಗುಮಾಸ್ತ, ಆ ಕಲ್ಲು ಕಾರ್ಖಾನೆಯಲ್ಲೇ ಬೇಕಾದಷ್ಟು ಕುಡಿದು ಬಂದಿರುತ್ತದಮ್ಮ ಎಂದು ನಕ್ಕನಂತೆ. ಹಾಸಿದ ಮೇಲೆ ಅದಕ್ಕೆ ಹನಿ ನೀರು ಬೇಡ. ಅಡಿಯಲ್ಲಿ ಜಲ್ಲಿ ಹಾಸಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು, ಅದರ ಮೇಲೆ ಮರಳಿರಬೇಕು, ಮರಳು ಆಚೆ ಜಾರದ ಹಾಗೆ ಎರಡೂ ಅಂಚಿಗೆ ಕಲ್ಲು ಹೂಳಬೇಕು. ತಾವು ಜಲ್ಲಿಯನ್ನೂ ಅಂಚುಗಲ್ಲನ್ನೂ ಹಾಕಿರಲಿಲ್ಲ. ಇದ್ದ ಮರಳನ್ನು ನಾನು ಇಪ್ಪತ್ತೆಂಟು ದಿನ ಬಿಂದಿಗೆ ಹಿಡಿದು ಚರಂಡಿಗೆ ಕಳಿಸಿದೆ. ಅಂದರೆ ನನ್ನ ತಂಗಿಯ ಹಾದಿಯನ್ನು ಕಿತ್ತವರು ನಾವಿಬ್ಬರೂ. ಇದನ್ನು ಬರೆಯದಿದ್ದರೆ ಪತ್ರ ಹೊರಗೆ ಹೋಗಕೂಡದೆಂದು ಅವಳು ಕಟ್ಟಪ್ಪಣೆ ಮಾಡಿದ್ದರಿಂದ ಬರೆದಿದ್ದೇನೆ.

ಹಾದಿಯನ್ನು ಮತ್ತೆ ಹಾಸಿದವಳೂ ಅವಳೇ. ಮೂರು ಭಾನುವಾರ ಬೂತು ಮುಚ್ಚಿ, ಗೋಣಿತಾಟಿನ ಮೇಲೆ ನೆಲದಲ್ಲಿ ಕೂತು, ಎರಡು ಹಳೆಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಕಲ್ಲನ್ನು ಮೀಟಿ ತೆಗೆದಳು. ನಾನು ಜಲ್ಲಿ ಹೊತ್ತೆ, ಯಶೋದ ದಿಮ್ಮಸು ಹಾಕಿದಳು. ರಸಮಟ್ಟ ಇಟ್ಟು ಏರುತಗ್ಗು ನೋಡುವ ಕೆಲಸವನ್ನು ಮಾತ್ರ ಪದ್ಮಿನಿ ನಮಗೆ ಬಿಡಲಿಲ್ಲ. ಒಂದು ಕೂದಲೆಳೆ ಏರಿದ್ದರೂ ಮತ್ತೆ ಕೀಳಿಸಿದಳು. ಮೂರನೆಯ ಭಾನುವಾರ ವಿಷಯ ತಿಳಿದ ಹನುಮಯ್ಯನವರು ಕೂಲಿಯಿಲ್ಲದೆ ಬಂದು ಅಂಚುಗಲ್ಲು ಹೂತುಕೊಟ್ಟರು. ಕೊನೆಗೆ ಒಣ ಮರಳನ್ನು ಸಂದುಗಳಿಗೆ ಗುಡಿಸುವಾಗ ಅವರ ಕೈ ಎರಡು ಸಲ ಬಿಂದಿಗೆಯ ಕಡೆ ಹೋಯಿತು, ಯಶೋದ ಅದನ್ನು ಒಳಗಿಟ್ಟು ಬಂದಳು.

ಆದ್ದರಿಂದ ತಾವು ರಿಪೇರಿಗೆ ಬರುವ ತೊಂದರೆ ತೆಗೆದುಕೊಳ್ಳಬಾರದು. ಯಾವ ಬೆಟ್ಟದಲ್ಲಿದ್ದರೂ ಅಲ್ಲೇ ನೆಮ್ಮದಿಯಾಗಿರಿ. ಹನೂರಿನಲ್ಲೂ ಯಳಂದೂರಿನಲ್ಲೂ ತಮ್ಮ ಕಲ್ಲಿಗೆ ಈಗಲೂ ಎರಡು ಹೊತ್ತು ನೀರು ಕುಡಿಸುತ್ತಿರುವ ಮನೆಗಳಿವೆಯೆಂದು ಕೇಳಿದ್ದೇನೆ. ಅವರಿಗೆ ಬಿಂದಿಗೆ ಕೆಳಗಿಡಿ ಎಂದು ಹೇಳುವ ಒಂದು ಮಾತಿಗಾದರೂ ತಾವು ಬೆಟ್ಟ ಇಳಿದರೆ ಸಾಕು. ನಮ್ಮ ಕಾಂಪೌಂಡಿನ ಮೇಲಿನ ತಮ್ಮ ಹೆಸರಿಗೆ ನಾನೇ ಸುಣ್ಣ ಬಳಿದಿದ್ದೇನೆ; ಈ ಕೆಲಸದ ಕೀರ್ತಿ ತಮಗೆ ಸಲ್ಲುವುದು ನ್ಯಾಯವಲ್ಲ.

ಇಂತು, ದೂರದಿಂದಲೇ ಕೈ ಮುಗಿಯುವ,

ತಮ್ಮ ವಿಶ್ವಾಸಿ,
ಎಂ. ನಿಂಗರಾಜು

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ತಮಗೆ ಮುಟ್ಟಿಸಲು ನಾನೇ ಹೊರಟಿದ್ದೆ. ಬೇಡ, ತಾನೇ ಕೊಟ್ಟು ಬರುತ್ತೇನೆಂದು ಪದ್ಮಿನಿ ಇಸಿದುಕೊಂಡು ಆಗಲೇ ಗೇಟು ದಾಟಿದ್ದಾಳೆ. ತಮ್ಮ ಅಂಗಡಿಗೆ ಮೂರು ಮೆಟ್ಟಿಲಿವೆ. ಅವಳು ಯಾರನ್ನೂ ಎತ್ತಿ ಎನ್ನುವುದಿಲ್ಲ, ಕೆಳಗೆ ರಸ್ತೆಯಲ್ಲೇ ಕಾದಿರುತ್ತಾಳೆ. ತಾವು ಇಳಿದು ಬಂದು ಇಸಿದುಕೊಳ್ಳಬೇಕು.